ಪೋಲೀಸರೂ ಪ್ರಜೆಗಳ ವಿಶ್ವಾಸವೂ



ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯಲ್ಲಿ ಮರೋಳವೆಂಬ ಗ್ರಾಮವುಂಟು. ಅದರ ಹೆಸರನ್ನು ಹೊತ್ತ ಹನಿ ನೀರಾವರಿಯ ಯೋಜನೆಯಿಂದ ಪತ್ರಿಕೆಗಳನ್ನು ಓದುವವರಿಗೆ ಆ ಊರಿನ ಪರಿಚಯವಿದ್ದೀತು. ಅಂಥದೊಂದು ಊರಿನಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಕಳವಾಯಿತೆಂದು ಈ ಹೊತ್ತು ನಾವು ಕಲ್ಪಿಸಿಕೊಳ್ಳೋಣ. ಗಂಡ ಬದುಕಿದ್ದಾಗ ಮಾಡಿಸಿಕೊಟ್ಟ ಬೋರಮಾಳವೊಂದು ಪೆಟ್ಟಿಗೆಯಿಂದ ಮಾಯವಾಗಿದೆ. ಆಕೆ ಅಳುತ್ತಾಳೆ, ನೆರೆಹೊರೆಯವರು ಕೂಡುತ್ತಾರೆ. ಯಾರ ಮೇಲೆ ಸಂಶಯವೆಂಬುದನ್ನು ಕೂಡ ಪಿಸುಮಾತಿನಲ್ಲಿ ಹೇಳಿಕೊಳ್ಳುತ್ತಾರೆ. ಆದರೆ ಠಾಣೆಗೆ ಹೋಗಿ ತಿಳಿಸೋಣವೆಂದು ಒಬ್ಬ ಹುಡುಗನು ಹೇಳಿದೊಡನೆ ಹಿರಿಯರು ತಡೆಯುತ್ತಾರೆ. "ಹೋದದ್ದು ಹೋತು, ಯವ್ವಾ. ಇನ್ನ ಠಾಣೆ ಕಟ್ಟಿ ಹತ್ತಿ ಮಾನಾನೂ ಯಾಕ ಕಳಕೊಂತಿ?" ಎಂಬುದು ಅವರ ಬುದ್ಧಿವಾದ.

ಈ ಬುದ್ಧಿವಾದವನ್ನು ನಾವು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಹುಟ್ಟಿಸಿದವರು ಮೂರ್ಖರಲ್ಲ. ಠಾಣೆಗೆ ಹೋದರೆ ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಬೆಂಚಿನ ಮೇಲೆ ಕಾಯುವ ಹೊತ್ತು, ಏಕವಚನದ ಪ್ರಶ್ನೆಗಳು, ಆಮೇಲೆ ಕೋರ್ಟಿನ ಅಲೆದಾಟ. ಇವೆಲ್ಲವನ್ನೂ ಒಂದು ತಟ್ಟೆಯಲ್ಲಿಟ್ಟು, ಒಡವೆ ಸಿಕ್ಕೀತೆಂಬ ಆಸೆಯನ್ನು ಇನ್ನೊಂದು ತಟ್ಟೆಯಲ್ಲಿಟ್ಟು ತೂಗಿದವರು ಆಡಿದ ಮಾತದು. ಆದುದರಿಂದ ಜನರೇಕೆ ಪೋಲೀಸರನ್ನು ನಂಬುವುದಿಲ್ಲವೆಂದು ಕೇಳುವ ಮುನ್ನ, ಆ ತಕ್ಕಡಿಯಲ್ಲಿ ಇಷ್ಟು ಭಾರವನ್ನು ಇಟ್ಟವರು ಯಾರು, ಅದನ್ನು ಇಳಿಸುವ ಬಗೆ ಯಾವುದು ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

ಮೊದಲು ಇತಿಹಾಸವನ್ನು ನೋಡೋಣ. ನಮ್ಮ ನಾಡಿಗೆ ಕಾವಲು ಹೊಸದಲ್ಲ. ತಳಾರನೆಂಬ ಕಾವಲುಗಾರನ ಹೆಸರು ಹಳಗನ್ನಡದಲ್ಲಿಯೇ ಇದೆ. ಅವನೇ ಮುಂದೆ ನಮ್ಮ ಹಳ್ಳಿಗಳ ತಳವಾರನಾದನು. ಊರ ಗೌಡನ ಕೈಕೆಳಗೆ ತಳವಾರನು ರಾತ್ರಿಯ ಗಸ್ತು ತಿರುಗುತ್ತಿದ್ದನು. ಈ ವ್ಯವಸ್ಥೆಯಲ್ಲಿ ದೋಷಗಳಿದ್ದುವು. ಅವನ್ನು ಮುಂದೆ ಹೇಳುತ್ತೇವೆ. ಆದರೆ ಕಾಯುವವನು ಊರಿನವನಾಗಿದ್ದನು. ಅವನ ಮುಖವನ್ನು ಊರು ಬಲ್ಲದು, ಊರಿನ ಮುಖವನ್ನು ಅವನು ಬಲ್ಲನು.

ಆಧುನಿಕ ಪೋಲೀಸು ಪಡೆಯು ಬೇರೊಂದು ಉದ್ದೇಶದಿಂದ ಬಂದಿತು. 1857ರಲ್ಲಿ ಸರ್ಕಾರವು ಪ್ರಜೆಗಳ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ತಂದಾಗ, ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ, ಇಂದು ಅದೇ ಬಾಗಲಕೋಟೆ ಜಿಲ್ಲೆಯಲ್ಲಿರುವ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಸೈನ್ಯವು ಊರನ್ನು ಮುತ್ತಿ ಸುಟ್ಟಿತು; ಡಿಸೆಂಬರಿನಲ್ಲಿ ಹಿಡಿದವರನ್ನು ಗಲ್ಲಿಗೇರಿಸಿತು. ಆ ಕಥೆಯನ್ನು ಆ ಕಡೆಯ ಜನ ಲಾವಣಿಯಾಗಿ ಹಾಡಿಕೊಂಡು ಬಂದರು. ಇಂಥ ದಂಗೆಗಳು ಅಡಗಿದ ಮೇಲೆ, ಮತ್ತೆ ಅವು ತಲೆಯೆತ್ತದಂತೆ ನೋಡಿಕೊಳ್ಳಲು 1861ರ ಪೋಲೀಸು ಕಾಯಿದೆಯು ಹುಟ್ಟಿತು. ಮುಂಬಯಿ ಪ್ರಾಂತದ ಜಿಲ್ಲೆಗಳಿಗೆ, ಎಂದರೆ ಹುನಗುಂದವು ಸೇರಿದ್ದ ಬಿಜಾಪುರದ ಸೀಮೆಗೆ, 1890ರಲ್ಲಿ ಪ್ರತ್ಯೇಕವಾದೊಂದು ಕಾಯಿದೆಯಾಯಿತು. 1829ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಪೋಲೀಸು ಪಡೆಗೆ ನಾಗರಿಕರ ಸಮ್ಮತಿಯೇ ಬಲವೆಂದು ಹೇಳುತ್ತಿದ್ದರು. ಆದರೆ ಭಾರತಕ್ಕೆ ಆರಿಸಿಕೊಂಡ ಮಾದರಿಯು ಲಂಡನ್ನಿನದಲ್ಲ. ಆಯುಧ ಹಿಡಿದು ಐರ್ಲೆಂಡಿನ ಜನರನ್ನು ಹದ್ದಿನಲ್ಲಿಡುತ್ತಿದ್ದ ದಳದ್ದು. ಸರ್ಕಾರವನ್ನು ಪ್ರಜೆಗಳಿಂದ ಕಾಯುವುದು ಅದರ ಮೊದಲನೆಯ ಕರ್ತವ್ಯ. ಪ್ರಜೆಗಳನ್ನು ಕಳ್ಳರಿಂದ ಕಾಯುವುದು ಎರಡನೆಯದು.

ಆಳುವವರೇ ತಮ್ಮ ಪೋಲೀಸರನ್ನು ನಂಬಲಿಲ್ಲವೆಂಬುದು ಇನ್ನೊಂದು ವಿಚಿತ್ರ. ಬಳ್ಳಾರಿಯೂ ಕನ್ನಡ ಜಿಲ್ಲೆಯೂ ಸೇರಿದ್ದ ಮದರಾಸು ಪ್ರಾಂತದಲ್ಲಿ, ಕಂದಾಯದವರೂ ಪೋಲೀಸರೂ ಜನರನ್ನು ಹಿಂಸಿಸುತ್ತಾರೆಂಬ ದೂರನ್ನು ವಿಚಾರಿಸಿದ ಆಯೋಗವು, ಆ ದೂರು ನಿಜವೆಂದು 1855ರಲ್ಲಿಯೇ ವರದಿಮಾಡಿತು. 1872ರ ಸಾಕ್ಷ್ಯ ಕಾಯಿದೆಯ 25ನೆಯ ಕಲಮು, ಪೋಲೀಸು ಅಧಿಕಾರಿಯ ಮುಂದೆ ಆಪಾದಿತನು ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ಅವನ ವಿರುದ್ಧ ರುಜುಪಡಿಸಕೂಡದೆಂದು ಹೇಳಿತು. ಹೊಡೆದು ಬಾಯಿಬಿಡಿಸಿದರೆ ಪ್ರಯೋಜನವಿಲ್ಲವೆಂದಾಗಲೆಂಬುದು ಅದರ ಸದುದ್ದೇಶ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ತನ್ನ 23ನೆಯ ಕಲಮಿನಲ್ಲಿ ಅದನ್ನೇ ಉಳಿಸಿಕೊಂಡಿದೆ. 1902ರಲ್ಲಿ ನೇಮಿತವಾದ ಫ್ರೇಜರ್ ಸಾಹೇಬರ ಆಯೋಗವು ಇನ್ನೂ ಕಠಿನವಾಗಿ ಬರೆಯಿತು. ಪೋಲೀಸು ಪಡೆಯು ದಕ್ಷವಾಗಿಲ್ಲ, ಲಂಚಕ್ಕೂ ದಬ್ಬಾಳಿಕೆಗೂ ಹೆಸರಾಗಿದೆ, ಜನರ ವಿಶ್ವಾಸ ಸಹಕಾರಗಳನ್ನು ಗಳಿಸಿಕೊಳ್ಳಲು ಸೋತಿದೆ ಎಂಬುದು ಅದರ ನಿರ್ಣಯದ ಸಾರಾಂಶ.

ಬಿಜಾಪುರದ ಸೀಮೆಗೆ ಇನ್ನೊಂದು ನೆನಪೂ ಉಂಟು. ಕೆಲವು ಜಾತಿಗಳವರು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರುವ 1871ರ ಕಾಯಿದೆಯನ್ನು ಮುಂದೆ ಮುಂಬಯಿ ಪ್ರಾಂತಕ್ಕೂ ವಿಸ್ತರಿಸಿದರು. ಬಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ಅಂಥವರ ವಸಾಹತುಗಳಾದುವು. ಗಂಡು ಹೆಣ್ಣುಗಳು ಹಾಜರಿ ಕೊಡಬೇಕು. ಅಪ್ಪಣೆಯಿಲ್ಲದೆ ಎಲ್ಲೆ ದಾಟಕೂಡದು. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಆ ಕಾಯಿದೆಯು ರದ್ದಾಯಿತು. ಆದರೆ ಹುಬ್ಬಳ್ಳಿಯ ಬಡಾವಣೆಯೊಂದು ಸೆಟ್ಲ್‌ಮೆಂಟ್ ಎಂಬ ಹೆಸರನ್ನು ಹೊತ್ತು ಬಂದಿತು. ಅಜ್ಜನು ದಿನವೂ ಠಾಣೆಯವರಿಗೆ ಹಾಜರಿ ಕೊಟ್ಟ ಮನೆಯಲ್ಲಿ, ಮೊಮ್ಮಗನು ಕಷ್ಟ ಬಂದಾಗ ಠಾಣೆಗೇ ಓಡಿಹೋಗಲೆಂದರೆ ಅದು ಅಷ್ಟು ಸುಲಭವಾಗಿ ಆಗುವ ಮಾತೆ?

ಇನ್ನು ಗೌಡನ ವಿಷಯ. 1867ರ ಮುಂಬಯಿ ಗ್ರಾಮ ಪೋಲೀಸು ಕಾಯಿದೆಯು ಊರ ಪಾಟೀಲನನ್ನು ಪೋಲೀಸ ಪಾಟೀಲನನ್ನಾಗಿ ಮಾಡಿತು. ಅಪರಾಧವಾದರೆ ಮೇಲಿನವರಿಗೆ ತಿಳಿಸುವ ಹೊಣೆ ಅವನದು. ಠಾಣೆಗೂ ಹಳ್ಳಿಗೂ ನಡುವೆ ಅವನೊಂದು ಬಾಗಿಲಾದನು. ಆ ಬಾಗಿಲು ಎಲ್ಲರಿಗೂ ತೆರೆಯುತ್ತಿರಲಿಲ್ಲವೆಂಬುದನ್ನು ನಾವು ಮರೆಯಕೂಡದು. ಗೌಡಕಿಯು ವಂಶಪಾರಂಪರ್ಯವಾಗಿ ಬಂದುದು. ದಲಿತರ ಕೇರಿಯವನೊಬ್ಬನು ಗೌಡನ ನೆಂಟನ ಮೇಲೆಯೇ ದೂರು ಹೇಳಬೇಕಾದರೆ ಯಾರ ಮುಂದೆ ಹೇಳಬೇಕು? 1961ರ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು ಈ ಪಾರಂಪರ್ಯವನ್ನು ಮುಗಿಸಿದ್ದು ನ್ಯಾಯವೇ ಆಯಿತು. ಆದರೆ ಹಳೆಯ ಬಾಗಿಲನ್ನು ಕಿತ್ತ ಜಾಗದಲ್ಲಿ ಹೊಸದನ್ನು ಇಡಲಿಲ್ಲ. ಅನೇಕ ಕಡೆ ಆ ತೆರಪಿನಲ್ಲಿ ಊರ ಮುಖಂಡನು ಬಂದು ನಿಂತನು. ಸಾಹೇಬರ ಪರಿಚಯವುಳ್ಳ ಅವನ ಜತೆಗೆ ಹೋದರೆ ಕೆಲಸವಾದೀತು, ಒಬ್ಬಳೇ ಹೋದರೆ ಆಗದು ಎಂಬ ಭಾವನೆ ಬೇರೂರಿತು.

ಠಾಣೆಯವರ ಮನಸ್ಸನ್ನೂ ಸ್ವಲ್ಪ ತಿಳಿದುಕೊಳ್ಳುವುದು ಉಚಿತ. ದೂರು ಕೊಡಲು ಬಂದವರನ್ನು ಬರೆದುಕೊಳ್ಳದೆ ಕಳುಹಿಸುವ ಪದ್ಧತಿಗೆ ಸೋಮಾರಿತನವೊಂದೇ ಕಾರಣವಲ್ಲ. ಒಂದು ಠಾಣೆಯು ಚೆನ್ನಾಗಿ ನಡೆಯುತ್ತಿದೆಯೆ ಇಲ್ಲವೆ ಎಂಬುದನ್ನು ಮೇಲಧಿಕಾರಿಗಳೂ ಪತ್ರಿಕೆಗಳೂ ಶಾಸನಸಭೆಯೂ ಅಲ್ಲಿ ದಾಖಲಾದ ಅಪರಾಧಗಳ ಸಂಖ್ಯೆಯಿಂದ ಅಳೆಯುತ್ತಾರೆ. ಹತ್ತು ಕಳವುಗಳನ್ನು ಬರೆದು ಮೂರನ್ನು ಪತ್ತೆಹಚ್ಚಿದ ಅಧಿಕಾರಿಗಿಂತ, ಮೂರನ್ನೇ ಬರೆದು ಮೂರನ್ನೂ ಪತ್ತೆಹಚ್ಚಿದವನು ಸಮರ್ಥನೆನ್ನಿಸಿಕೊಳ್ಳುತ್ತಾನೆ. ಹೀಗಿರುವಲ್ಲಿ ಬರೆಯದಿರುವುದೇ ಜಾಣತನವಾಗುತ್ತದೆ. ಇಂಗ್ಲೆಂಡಿನಲ್ಲಿ 1982ರಿಂದ ಮನೆಮನೆಗೆ ಹೋಗಿ, ನಿಮಗೆ ಯಾವ ಅಪರಾಧದಿಂದ ತೊಂದರೆಯಾಯಿತು, ಪೋಲೀಸರಿಗೆ ತಿಳಿಸಿದಿರಾ ಎಂದು ಕೇಳುವ ಸಮೀಕ್ಷೆಯನ್ನು ನಡೆಸತೊಡಗಿದರು. ಠಾಣೆಯ ಪುಸ್ತಕದಲ್ಲಿರುವುದು ನಡೆದ ಅಪರಾಧಗಳ ಒಂದು ಭಾಗ ಮಾತ್ರವೆಂಬುದು ಅದರಿಂದ ಸ್ಪಷ್ಟವಾಯಿತು. ಇದರಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಒಂದು ಜಿಲ್ಲೆಯಲ್ಲಿ ದಾಖಲಾದ ಪ್ರಕರಣಗಳು ಹೆಚ್ಚಿದುವೆಂದು ಓದಿದೊಡನೆ ಅಲ್ಲಿ ಕಳ್ಳರು ಹೆಚ್ಚಿದರೆಂದು ತೀರ್ಮಾನಿಸಬಾರದು. ಜನ ಧೈರ್ಯವಾಗಿ ಬಂದು ಹೇಳತೊಡಗಿದ್ದಾರೆ, ಠಾಣೆಯವರು ಪ್ರಾಮಾಣಿಕವಾಗಿ ಬರೆಯತೊಡಗಿದ್ದಾರೆ ಎಂಬುದೂ ಅದಕ್ಕೆ ಕಾರಣವಾಗಿರಬಹುದು. ಸಂಖ್ಯೆ ಏರಿದಾಗಲೆಲ್ಲ ಅಧಿಕಾರಿಯನ್ನು ದೂಷಿಸುವ ನಾವು, ಮುಂದಿನ ವರ್ಷ ಬರೆಯಬೇಡವೆಂದು ಅವನಿಗೆ ಬೋಧಿಸಿದಂತಾಗುತ್ತದೆ.

ಹಾಗಾದರೆ ಆ ಮುದುಕಿಗೆ ಇಂದು ಕಾಯಿದೆಯು ಕೊಟ್ಟಿರುವ ಬಲವೇನು? ಇದನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯಕ. ಏಕೆಂದರೆ ವಿದ್ಯಾವಂತರಲ್ಲಿಯೂ ಅನೇಕರು ಇದನ್ನು ಅರಿಯರು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಜಾರಿಯಲ್ಲಿದೆ. ಅದರ 173ನೆಯ ಕಲಮು ಪ್ರಥಮ ವರ್ತಮಾನ ವರದಿಗೆ, ಎಂದರೆ ನಾವೆಲ್ಲ ಎಫ್.ಐ.ಆರ್. ಎನ್ನುವುದಕ್ಕೆ, ಸಂಬಂಧಿಸಿದುದು. ಬರೆಯಲು ಬಾರದವರು ಬಾಯಿಂದ ಹೇಳಬಹುದು. ಠಾಣೆಯ ಅಧಿಕಾರಿಯು ಅದನ್ನು ಬರೆದುಕೊಂಡು ಓದಿ ಹೇಳಿ ರುಜು ಹಾಕಿಸಿಕೊಳ್ಳಬೇಕು. ಅಪರಾಧವು ಯಾವ ಠಾಣೆಯ ಎಲ್ಲೆಯಲ್ಲಿ ನಡೆದಿದ್ದರೂ ಹೇಳಿಕೆಯನ್ನು ತೆಗೆದುಕೊಳ್ಳಲೇಬೇಕು; ಇದು ನಮ್ಮ ಎಲ್ಲೆಯಲ್ಲ, ಆ ಠಾಣೆಗೆ ಹೋಗು ಎನ್ನುವ ಹಳೆಯ ನೆಪಕ್ಕೆ ಎಡೆಯಿಲ್ಲ. ವಿದ್ಯುನ್ಮಾನ ಸಾಧನಗಳ ಮೂಲಕ ತಿಳಿಸಿದರೂ ನಡೆಯುತ್ತದೆ. ಮೂರು ದಿನಗಳೊಳಗೆ ಹೋಗಿ ರುಜು ಹಾಕಿದರಾಯಿತು. ವರದಿಯ ಒಂದು ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು.

ಬರೆದುಕೊಳ್ಳಲು ನಿರಾಕರಿಸಿದರೆ ಜಿಲ್ಲೆಯ ಪೋಲೀಸು ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳುಹಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ಕಳವಿನಂತೆ ಪೋಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧದ ಸಂಗತಿ ತಿಳಿದುಬಂದರೆ ವರದಿಯನ್ನು ಬರೆಯುವುದು ಕಡ್ಡಾಯವೆಂದು ಲಲಿತಾಕುಮಾರಿಯವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2013ರಲ್ಲಿ ತೀರ್ಪಿತ್ತಿದೆ. ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷಕ್ಕೆ ಒಳಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಡೆಪ್ಯುಟಿ ಸೂಪರಿಂಟೆಂಡೆಂಟರ ಅನುಮತಿ ಪಡೆದು, ಹದಿನಾಲ್ಕು ದಿನಗಳೊಳಗೆ ಮುಗಿಯುವ ಪ್ರಾಥಮಿಕ ವಿಚಾರಣೆಗೆ ಹೊಸ ಸಂಹಿತೆಯು ಅವಕಾಶ ಕೊಟ್ಟಿದೆ. ದಲಿತರ ಮೇಲಿನ ದೌರ್ಜನ್ಯದ ದೂರಿಗಾದರೋ 2018ರ ತಿದ್ದುಪಡಿಯ ಮೇರೆಗೆ ಅಂಥ ವಿಚಾರಣೆಯ ಅಗತ್ಯವೇ ಇಲ್ಲ. ಹೆಂಗಸರನ್ನೂ, ಅರುವತ್ತು ದಾಟಿದ ಗಂಡಸರನ್ನೂ, ಹದಿನೈದು ತುಂಬದ ಹುಡುಗರನ್ನೂ ಸಾಕ್ಷಿಗಾಗಿ ಠಾಣೆಗೆ ಕರೆಸಕೂಡದು. ಅವರಿದ್ದಲ್ಲಿಗೇ ಹೋಗಿ ಕೇಳಬೇಕು. ತನಿಖೆ ಎಲ್ಲಿಗೆ ಬಂತೆಂಬುದನ್ನು ತೊಂಬತ್ತು ದಿನಗಳೊಳಗೆ ದೂರುಕೊಟ್ಟವರಿಗೆ ತಿಳಿಸಬೇಕು.

ಕಾಗದದ ಮೇಲೆ ಇಷ್ಟು ಬಲವಿದ್ದರೂ ಮುದುಕಿಯು ಠಾಣೆಯ ಮೆಟ್ಟಿಲು ಹತ್ತುವಳೆ? ಈ ಪ್ರಶ್ನೆಯನ್ನು ಕೆಲವು ವಿದ್ವಾಂಸರು ಪ್ರಯೋಗಗಳ ಮೂಲಕ ವಿಚಾರಿಸಿದ್ದಾರೆ. ರಾಜಾಸ್ಥಾನದ 162 ಠಾಣೆಗಳಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಸಾಮಾನ್ಯ ನಾಗರಿಕರ ವೇಷದಲ್ಲಿ ಕೆಲವರನ್ನು ಠಾಣೆಗಳಿಗೆ ಕಳುಹಿಸಿ, ದೂರನ್ನು ಬರೆದುಕೊಳ್ಳುತ್ತಾರೆಯೆ ಇಲ್ಲವೆ ಎಂದು ಪರೀಕ್ಷಿಸಿದರು. ಕೈಗೊಂಡ ಹಲವು ಸುಧಾರಣೆಗಳಲ್ಲಿ ಸಿಬ್ಬಂದಿಗೆ ಕೊಟ್ಟ ತರಬೇತಿಯೂ, ಪದೇಪದೇ ಆಗುವ ವರ್ಗಾವಣೆಗಳನ್ನು ತಡೆದುದೂ ಫಲಕೊಟ್ಟುವು. ವರ್ಷಕ್ಕೊಮ್ಮೆ ಎತ್ತಿಹಾಕುವ ಅಧಿಕಾರಿಗೆ ಊರು ತಿಳಿಯುವುದು ಯಾವಾಗ? 2006ರಲ್ಲಿ ಪ್ರಕಾಶ ಸಿಂಗರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಠಾಣೆಯ ಮುಖ್ಯಾಧಿಕಾರಿಗೆ ಎರಡು ವರ್ಷಗಳ ಕನಿಷ್ಠ ಅವಧಿಯಿರಬೇಕೆಂದೂ, ಪೋಲೀಸರ ಮೇಲಿನ ದೂರುಗಳನ್ನು ಕೇಳುವ ಪ್ರಾಧಿಕಾರಗಳಿರಬೇಕೆಂದೂ ಹೇಳಿದ್ದಕ್ಕೆ ಇದೇ ಅರ್ಥ. ಅಂಥ ಪ್ರಾಧಿಕಾರಗಳಿಗಾಗಿ ಕರ್ನಾಟಕವು 2012ರಲ್ಲಿ ತನ್ನ ಪೋಲೀಸು ಕಾಯಿದೆಯನ್ನು ತಿದ್ದಿಕೊಂಡಿತು. ಮಧ್ಯಪ್ರದೇಶದ 180 ಠಾಣೆಗಳಲ್ಲಿ ನಡೆದ ಮತ್ತೊಂದು ಪ್ರಯೋಗದ ಫಲಿತಾಂಶವು 2022ರಲ್ಲಿ ಪ್ರಕಟವಾಯಿತು. ಹೆಂಗಸರ ದೂರನ್ನು ಕೇಳಲು ಪ್ರತ್ಯೇಕವಾದ ಮೇಜನ್ನು ಇಟ್ಟ ಠಾಣೆಗಳಲ್ಲಿ, ಅದರಲ್ಲಿಯೂ ಹೆಣ್ಣು ಅಧಿಕಾರಿಗಳು ಕುಳಿತ ಕಡೆಗಳಲ್ಲಿ, ಹೆಂಗಸರ ಪ್ರಕರಣಗಳ ದಾಖಲೆ ಹೆಚ್ಚಿತು.

ಇನ್ನೊಂದು ಎಚ್ಚರಿಕೆಯೂ ಇದೆ. ಬ್ರೆಜಿಲ್, ಪಾಕಿಸ್ತಾನ, ಉಗಾಂಡ ಮುಂತಾದ ಆರು ದೇಶಗಳಲ್ಲಿ ಪೋಲೀಸರು ಜನರ ನಡುವೆ ಸಭೆ ಸೇರಿಸಿ, ಗಸ್ತು ತಿರುಗಿ, ಸ್ನೇಹ ಬೆಳೆಸಲು ಯತ್ನಿಸಿದ ಪ್ರಯೋಗದ ವರದಿಯು 2021ರಲ್ಲಿ ಹೊರಬಂದಿತು. ಅದರಿಂದ ಜನರ ವಿಶ್ವಾಸವು ಹೆಚ್ಚಲಿಲ್ಲ, ಅಪರಾಧವೂ ಕಡಿಮೆಯಾಗಲಿಲ್ಲ. ನಮ್ಮ ರಾಜ್ಯದಲ್ಲಿ 2017ರಲ್ಲಿ ಪ್ರತಿಯೊಬ್ಬ ಕಾನ್‌ಸ್ಟೇಬಲನಿಗೂ ಇಂತಿಷ್ಟು ಪ್ರದೇಶವೆಂದು ಹಂಚಿಕೊಡುವ ಹೊಸ ಬೀಟ್ ಪದ್ಧತಿಯು ಬಂದಿತು. 2025ರಲ್ಲಿ ಮನೆಮನೆಗೆ ಪೋಲೀಸ್ ಎಂಬ ಕಾರ್ಯಕ್ರಮವು ಆರಂಭವಾಯಿತು. ಇವು ಸ್ತುತ್ಯವಾದ ಯತ್ನಗಳು. ಹಳೆಯ ತಳವಾರನಂತೆ ಮುಖಪರಿಚಯವುಳ್ಳ ಒಬ್ಬ ಕಾವಲುಗಾರನನ್ನು, ಜಾತಿಯ ಹಂಗಿಲ್ಲದೆ, ಊರಿಗೆ ಮರಳಿ ಕೊಡಬಲ್ಲ ಯತ್ನಗಳು. ಆದರೆ ಮನೆಗೆ ಬಂದು ಕುಶಲ ವಿಚಾರಿಸಿ ಹೋದ ಪೋಲೀಸಿನವನು, ಮುದುಕಿಯು ಠಾಣೆಗೆ ಬಂದ ದಿನ ಮುಖ ತಿರುಗಿಸಿದರೆ, ಮೊದಲಿನ ಭೇಟಿಯು ಅವಳಿಗೆ ಹಾಸ್ಯವಾಗಿ ಕಂಡೀತು. ಅಮೆರಿಕದ ಟಾಮ್ ಟೈಲರ್ ಎಂಬ ಪಂಡಿತರು 1990ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಅಂಶವನ್ನೇ ಎತ್ತಿಹೇಳಿದ್ದಾರೆ. ತಮಗೆ ಬೇಕಾದ ಫಲ ದೊರೆಯಿತೆ ಎನ್ನುವುದರಷ್ಟೇ ಅಥವಾ ಅದಕ್ಕಿಂತಲೂ ಹೆಚ್ಚಾಗಿ, ತಮ್ಮ ಮಾತನ್ನು ಕಿವಿಗೊಟ್ಟು ಕೇಳಿದರೆ, ಮರ್ಯಾದೆಯಿಂದ ಕಂಡರೆ ಎಂಬುದನ್ನು ಜನ ನೋಡುತ್ತಾರೆ. ಒಡವೆ ಸಿಗದಿದ್ದರೂ, ಕೂತುಕೊಳ್ಳಿ ಅಮ್ಮಾ ಎಂದು ಬಹುವಚನದಲ್ಲಿ ಮಾತನಾಡಿಸಿ, ಹೇಳಿದ್ದನ್ನು ಬರೆದುಕೊಂಡು, ಒಂದು ಪ್ರತಿಯನ್ನು ಕೈಗಿತ್ತು ಕಳುಹಿಸಿದ ಠಾಣೆಯನ್ನು ಆಕೆ ನಿಂದಿಸಲಾರಳು.

ಕಡೆಯದಾಗಿ ನಮ್ಮನ್ನು ಕುರಿತು ಒಂದೆರಡು ಮಾತು. ಪಟ್ಟಣಗಳಲ್ಲಿ ವಾಸಿಸುವ ನಾವು, ಕಾಲೇಜುಗಳಲ್ಲಿ ಪಾಠ ಹೇಳುವ ನಮ್ಮಂಥವರೂ ಸೇರಿ, ಠಾಣೆಯ ಕೆಲಸ ಬಿದ್ದಾಗ ಮೊದಲು ಏನು ಮಾಡುತ್ತೇವೆ? ಪರಿಚಯದ ಅಧಿಕಾರಿ ಯಾರಿದ್ದಾರೆಂದು ಹುಡುಕುತ್ತೇವೆ. ಹಳೆಯ ಶಿಷ್ಯನೊಬ್ಬನು ಇಲಾಖೆಯಲ್ಲಿದ್ದರೆ ಟೆಲಿಫೋನು ಮಾಡುತ್ತೇವೆ. ನಮಗೆ ಕುರ್ಚಿ ಸಿಗುತ್ತದೆ, ಚಹ ಬರುತ್ತದೆ, ಕೆಲಸವೂ ಆಗುತ್ತದೆ; ಪೋಲೀಸರು ಒಳ್ಳೆಯವರೆಂದು ಹೊಗಳಿಕೊಂಡು ಮನೆಗೆ ಬರುತ್ತೇವೆ. ಆ ವೇಳೆಯಲ್ಲಿ ಹೊರಗಿನ ಬೆಂಚಿನ ಮೇಲೆ ಬೆಳಗಿನಿಂದ ಕುಳಿತಿದ್ದವಳು ನಮ್ಮನ್ನು ನೋಡಿರುತ್ತಾಳೆ. ಈ ಠಾಣೆಯಲ್ಲಿ ಕಾಯಿದೆ ನಡೆಯುವುದಿಲ್ಲ, ವಶೀಲಿ ನಡೆಯುತ್ತದೆ ಎಂಬ ಪಾಠವನ್ನು ಅವಳಿಗೆ ಕಲಿಸಿದವರು ಪೋಲೀಸರಷ್ಟೇ ಅಲ್ಲ, ನಾವೂ ಹೌದು. ನಾವು ಸರದಿಯಲ್ಲಿ ನಿಂತು, ನಮ್ಮ ದೂರನ್ನು ಕಾಯಿದೆಯ ಮೇರೆಗೆ ಬರೆಸಿ, ಪ್ರತಿಯನ್ನು ಕೇಳಿ ಪಡೆದುಕೊಂಡರೆ, ನಮ್ಮ ಹಿಂದೆ ನಿಂತವರಿಗೂ ಅದೇ ದಾರಿ ಸಮೆಯುತ್ತದೆ. ಹಾಗೆಯೇ ಹಗೆ ತೀರಿಸಿಕೊಳ್ಳುವುದಕ್ಕಾಗಿ ಸುಳ್ಳು ದೂರು ಕೊಡುವವರನ್ನು ನಾವು ಬುದ್ಧಿವಂತರೆಂದು ಮೆಚ್ಚಬಾರದು. ಅಂಥ ಒಂದು ಸುಳ್ಳಿನ ದೆಸೆಯಿಂದ ನಿಜವಾದ ಹತ್ತು ದೂರುಗಳನ್ನು ಸಂಶಯದಿಂದ ನೋಡುವ ಅಭ್ಯಾಸವು ಠಾಣೆಗೆ ಬರುತ್ತದೆ.

ಈಗ ಮತ್ತೆ ಆ ಮುದುಕಿಯ ಮನೆಗೆ ಹೋಗೋಣ. ಆಕೆಯು ಸುಮ್ಮನಾದರೆ ಹೋಗುವುದು ಬೋರಮಾಳವೊಂದೇ ಅಲ್ಲ. ಕದ್ದವನು ಮುಂದಿನ ಅಮಾವಾಸ್ಯೆಯಂದು ಇನ್ನೊಂದು ಮನೆಯನ್ನು ನೋಡಿಕೊಳ್ಳುತ್ತಾನೆ. ಪಿಸುಮಾತಿನಲ್ಲಿ ಹೆಸರು ಬಂದ ಹುಡುಗನು ನಿರಪರಾಧಿಯಾಗಿದ್ದರೂ ಊರವರ ದೃಷ್ಟಿಯಲ್ಲಿ ಕಳ್ಳನಾಗಿ ಉಳಿಯುತ್ತಾನೆ. ಅವನನ್ನು ಆ ಕಳಂಕದಿಂದ ಬಿಡಿಸುವ ತನಿಖೆಯೇ ನಡೆಯುವುದಿಲ್ಲ. ಠಾಣೆಯ ಪುಸ್ತಕದಲ್ಲಿ ಆ ಊರು ಕಳವಿಲ್ಲದ ಊರೆಂದು ದಾಖಲಾಗಿ, ಅಲ್ಲಿಗೆ ಗಸ್ತು ಬೇಡವೆಂದಾಗುತ್ತದೆ. ನಂಬಿಕೆಯಿಲ್ಲದೆ ಜನ ಹೇಳರು; ಹೇಳದೆ ಪೋಲೀಸರು ಅರಿಯರು; ಅರಿಯದೆ ಕಾಯಲಾರರು; ಕಾಯದವರನ್ನು ನಂಬುವವರಿಲ್ಲ. ಈ ಚಕ್ರವನ್ನು ನಿಲ್ಲಿಸುವ ಮೊದಲನೆಯ ಕೈ ಠಾಣೆಯದೇ ಆಗಬೇಕು. ಏಕೆಂದರೆ ಅಧಿಕಾರವೂ ಸಂಬಳವೂ ಇರುವುದು ಅಲ್ಲಿ. ಆದರೆ ಬಸ್ಸಿನಲ್ಲಿ ಆ ಮುದುಕಿಯ ಜತೆಗೆ ಕುಳಿತು, ಠಾಣೆಯವರೆಗೆ ಹೋಗಿ, ನಮ್ಮ ಹೆಸರನ್ನೂ ಹುದ್ದೆಯನ್ನೂ ಹೇಳದೆ ಪಕ್ಕದಲ್ಲಿ ನಿಂತು, "ಅಮ್ಮ ಹೇಳುವುದನ್ನು ಬರೆದುಕೊಳ್ಳಿ, ಒಂದು ಪ್ರತಿ ಕೊಡಿ" ಎನ್ನುವಷ್ಟು ಕೆಲಸವನ್ನು ಅಕ್ಷರ ಬಲ್ಲ ನಮ್ಮಲ್ಲಿ ಯಾರಾದರೂ ಮಾಡಬಹುದು. ಠಾಣೆಗೆ ಹೋಗೋಣವೆಂದ ಆ ಹುಡುಗನು ಹೇಳಿದ್ದೂ ಇದನ್ನೇ. ಮುಂದಿನ ಸಲ ಹಿರಿಯರು ಅವನನ್ನು ತಡೆಯದಿರಲಿ.